ಲಾಗಿನ್ ಶೆಲ್ ತಪ್ಪಿದಾಗ: ಉಬುಂಟು ಯಂತ್ರಗಳಲ್ಲಿ ದೋಷ ಪತ್ತೆ ಮತ್ತು ದುರಸ್ತಿ

ಕಲಬುರಗಿಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ ಇರುವ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸೆಮಿಸ್ಟರ್ ಆರಂಭವಾಗಿ, ಸೇಡಂ, ಆಳಂದ, ಚಿತ್ತಾಪುರ, ಶಹಾಪುರ ಕಡೆಯಿಂದ ಬಂದ ಹೊಸ ವಿದ್ಯಾರ್ಥಿಗಳಿಗೆ ಖಾತೆ ತೆರೆದುಕೊಡುವ ವಾರದಲ್ಲಿ ಎರಡು ದೂರುಗಳು ತಪ್ಪದೆ ಬರುತ್ತವೆ. “ಪಾಸ್‌ವರ್ಡ್ ಸರಿ ಅದ ಸರ್, ಆದ್ರೂ ಒಳಗ ಬಿಡವಲ್ದು” ಎಂಬುದು ಒಂದು. “ಮ್ಯಾಲಿನ ಬಾಣದ ಕೀ ಒತ್ತಿದ್ರ ಏನೇನೋ ಅಕ್ಷರ ಬರ್ಲತ್ತಾವ” ಎಂಬುದು ಇನ್ನೊಂದು. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಈ ಎರಡು ದೂರುಗಳ ಬೇರು ಸಾಮಾನ್ಯವಾಗಿ ಒಂದೇ ಕಡೆ ಇರುತ್ತದೆ: ಆ ಖಾತೆಗೆ ಯಾವ ಶೆಲ್ (ನಾವು ಬರೆದ ಕಮಾಂಡುಗಳನ್ನು ಓದಿ ಓಡಿಸುವ ಪ್ರೋಗ್ರಾಂ) ಎಂದು ಯಂತ್ರದಲ್ಲಿ ಬರೆದಿಟ್ಟ ಒಂದೇ ಒಂದು ಸಾಲಿನ ಕೊನೆಯ ಭಾಗದಲ್ಲಿ.

ಕಮಾಂಡುಗಳ ಮತ್ತು ಫೈಲುಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಯಂತ್ರದಲ್ಲಿ ಅವನ್ನು ರೋಮನ್ ಸಣ್ಣಕ್ಷರಗಳಲ್ಲಿ ಬರೆಯಬೇಕು. ಶೆಲ್ ಎಂಬ ವೇರಿಯಬಲ್ ಮಾತ್ರ ದೊಡ್ಡಕ್ಷರಗಳಲ್ಲಿದೆ.

ಮೊದಲು ದಾಖಲೆಯನ್ನು ಓದಿ

ಖಾತೆಗಳ ದಾಖಲೆ ಇರುವುದು /ಇಟಿಸಿ/ಪಾಸ್‌ಡಬ್ಲ್ಯೂಡಿ ಎಂಬ ಫೈಲಿನಲ್ಲಿ. ಅದರ ಪ್ರತಿ ಸಾಲಿನಲ್ಲಿ ಕೋಲನ್ ಚಿಹ್ನೆಯಿಂದ ಬೇರ್ಪಟ್ಟ 7 ಭಾಗಗಳಿವೆ: ಬಳಕೆದಾರರ ಹೆಸರು, ಪಾಸ್‌ವರ್ಡಿನ ಸ್ಥಾನದಲ್ಲಿ ಎಕ್ಸ್ ಅಕ್ಷರ, ಬಳಕೆದಾರ ಸಂಖ್ಯೆ, ಗುಂಪಿನ ಸಂಖ್ಯೆ, ಪೂರ್ಣ ಹೆಸರು ಮೊದಲಾದ ವಿವರ, ಹೋಮ್ ಫೋಲ್ಡರ್, ಮತ್ತು ಕೊನೆಗೆ ಲಾಗಿನ್ ಶೆಲ್ಲಿನ (ಒಳಬಂದೊಡನೆ ತೆರೆಯುವ ಶೆಲ್) ಪೂರ್ಣ ದಾರಿ, ಅಂದರೆ ಅದು ಇರುವ ಫೋಲ್ಡರ್ ಮತ್ತು ಹೆಸರು. ಈ ಏಳನೆಯ ಭಾಗ ಖಾಲಿ ಇದ್ದರೆ ವ್ಯವಸ್ಥೆಯು /ಬಿನ್/ಎಸ್‌ಎಚ್ ಎಂದು ಭಾವಿಸಿಕೊಳ್ಳುತ್ತದೆ. ದಾಖಲೆಯನ್ನು ನೋಡಲು ‘ಗೆಟ್‌ಎಂಟ್ ಪಾಸ್‌ಡಬ್ಲ್ಯೂಡಿ’ ಎಂದು ಬರೆದು ಮುಂದೆ ಬಳಕೆದಾರರ ಹೆಸರು ಕೊಡಬೇಕು. ಫೈಲನ್ನು ನೇರವಾಗಿ ತೆರೆಯುವುದಕ್ಕಿಂತ ಇದು ಮೇಲು, ಏಕೆಂದರೆ ಖಾತೆಗಳು ಕೇಂದ್ರ ಸರ್ವರಿನಿಂದ ಎಲ್‌ಡ್ಯಾಪ್ ಮೂಲಕ (ಖಾತೆಗಳನ್ನು ಒಂದೇ ಕಡೆ ಇಟ್ಟು ಹಂಚುವ ವ್ಯವಸ್ಥೆ) ಬರುತ್ತಿದ್ದರೂ ಗೆಟ್‌ಎಂಟ್ ಅವನ್ನು ತೋರಿಸುತ್ತದೆ. ಗೆಟ್‌ಎಂಟ್ ತೋರಿಸುವ ಹೆಸರು ಫೈಲಿನೊಳಗೆ ಇಲ್ಲವಾದರೆ, ಆ ಖಾತೆಯ ಶೆಲ್ಲನ್ನು ನಿಮ್ಮ ಯಂತ್ರದಲ್ಲಿ ಕುಳಿತು ಬದಲಿಸಲು ಬರುವುದಿಲ್ಲ, ಸರ್ವರಿನಲ್ಲೇ ಬದಲಿಸಬೇಕು.

ಬಹಳ ಮಂದಿ ಇದನ್ನು ಬಿಟ್ಟು ಶೆಲ್ ಎಂಬ ವೇರಿಯಬಲ್ಲನ್ನು ಎಕೊ ಮಾಡಿ, ಅಂದರೆ ಅದರ ಬೆಲೆಯನ್ನು ಪರದೆಗೆ ತರಿಸಿ, ನೋಡುತ್ತಾರೆ. ಆ ವೇರಿಯಬಲ್ ಹೇಳುವುದು ಲಾಗಿನ್ ಆದ ಗಳಿಗೆಯಲ್ಲಿ ದಾಖಲೆಯಲ್ಲಿ ಏನಿತ್ತು ಎಂಬುದನ್ನು ಮಾತ್ರ. ಈಗ ಓಡುತ್ತಿರುವ ಶೆಲ್ ಯಾವುದು ಎಂದು ತಿಳಿಯಬೇಕಾದರೆ ‘ಪಿಎಸ್’ ಕಮಾಂಡಿಗೆ ‘-ಪಿ’ ಆಯ್ಕೆಯನ್ನೂ ಎರಡು ಡಾಲರ್ ಚಿಹ್ನೆಗಳನ್ನೂ ಕೊಡಬೇಕು. ದಾಖಲೆ, ವೇರಿಯಬಲ್, ಓಡುತ್ತಿರುವ ಪ್ರಕ್ರಿಯೆ, ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೋಲಿಸಿದ ಮೇಲೆಯೇ ಏನನ್ನಾದರೂ ಬದಲಿಸಬೇಕು. ಮೂರೂ ಒಂದೇ ಆಗಿದ್ದು ತೊಂದರೆ ಮುಂದುವರಿದರೆ ದೋಷ ಆರಂಭಿಕ ಫೈಲುಗಳಲ್ಲಿದೆ (ಶೆಲ್ ತೆರೆದೊಡನೆ ತಾನಾಗಿ ಓದುವ ಫೈಲುಗಳು); ದಾಖಲೆ ಸರಿಯಿದ್ದು ಉಳಿದೆರಡು ಹಳೆಯದನ್ನೇ ಹೇಳುತ್ತಿದ್ದರೆ ದೋಷ ಸೆಷನ್ನಿನಲ್ಲಿದೆ; ದಾಖಲೆಯೇ ತಪ್ಪಿದ್ದರೆ ಬೇರೆಲ್ಲೂ ಹುಡುಕಬೇಕಾಗಿಲ್ಲ.

ಬಾಣದ ಕೀ ಒತ್ತಿದರೆ ವಿಚಿತ್ರ ಅಕ್ಷರಗಳು

ಪರದೆಯ ಮೇಲೆ ಹೆಸರಿಲ್ಲದ ಬರಿಯ ಡಾಲರ್ ಚಿಹ್ನೆ ಬರುತ್ತದೆ, ಮೇಲಿನ ಬಾಣದ ಕೀ ಒತ್ತಿದರೆ ಹಿಂದಿನ ಕಮಾಂಡ್ ಬಾರದೆ ‘^[[ಎ’ ಎಂದು ಮೂಡುತ್ತದೆ, ಟ್ಯಾಬ್ ಕೀ ಹೆಸರನ್ನು ಪೂರ್ತಿಗೊಳಿಸುವುದಿಲ್ಲ. ಈ ಮೂರು ಲಕ್ಷಣ ಒಟ್ಟಿಗಿದ್ದರೆ ಖಾತೆಯ ಶೆಲ್ ಬ್ಯಾಶ್ (ಉಬುಂಟುವಿನಲ್ಲಿ ಸಾಮಾನ್ಯವಾಗಿ ಬಳಸುವ ಶೆಲ್) ಅಲ್ಲ, /ಬಿನ್/ಎಸ್‌ಎಚ್ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಉಬುಂಟುವಿನಲ್ಲಿ ಆ ಹೆಸರು 2006ರ 6.10 ಆವೃತ್ತಿಯಿಂದ ಡ್ಯಾಶ್ ಎಂಬ ಚಿಕ್ಕ ಶೆಲ್ಲಿಗೆ ಕೊಂಡಿಯಾಗಿದೆ. ಡ್ಯಾಶ್ ಇರುವುದು ಸ್ಕ್ರಿಪ್ಟುಗಳನ್ನು ಬೇಗ ಓಡಿಸಲಿಕ್ಕೆ. ಮನುಷ್ಯರು ಕುಳಿತು ಬೆರಳಚ್ಚಿಸುವ ಅನುಕೂಲಗಳು ಅದರಲ್ಲಿಲ್ಲ.

ಖಾತೆ ತೆರೆಯಲು ‘ಯೂಸರ್‌ಆ್ಯಡ್’ ಮತ್ತು ‘ಆ್ಯಡ್‌ಯೂಸರ್’ ಎಂಬ ಎರಡು ಕಮಾಂಡುಗಳಿದ್ದು, ಪದಗಳು ಹಿಂದುಮುಂದಾದುದಷ್ಟೇ ವ್ಯತ್ಯಾಸವೆಂದು ತೋರುತ್ತದೆ. ಆದರೆ ಆ್ಯಡ್‌ಯೂಸರ್ ತನ್ನ ಸಂರಚನೆಯಂತೆ ಬ್ಯಾಶ್ ಕೊಡುತ್ತದೆ. ಯೂಸರ್‌ಆ್ಯಡ್ /ಇಟಿಸಿ/ಡಿಫಾಲ್ಟ್/ಯೂಸರ್‌ಆ್ಯಡ್ ಫೈಲನ್ನು ಓದುತ್ತದೆ, ಅಲ್ಲಿ ಬರೆದಿರುವುದು /ಬಿನ್/ಎಸ್‌ಎಚ್. ಒಂದೊಂದಾಗಿ ಖಾತೆ ತೆರೆಯುವಾಗ ಆ್ಯಡ್‌ಯೂಸರ್ ಬಳಸಿ, ನಾಲ್ವತ್ತು ಖಾತೆಗಳಿಗೆಂದು ಸ್ಕ್ರಿಪ್ಟ್ ಬರೆದಾಗ ಯೂಸರ್‌ಆ್ಯಡ್ ಬಳಸಿದರೆ, ಹಳೆಯ ವಿದ್ಯಾರ್ಥಿಗಳಿಗೆಲ್ಲ ಸರಿಯಿದ್ದು ಹೊಸಬರಿಗೆ ಮಾತ್ರ ಈ ತೊಂದರೆ ಬರುತ್ತದೆ. ಪರಿಹಾರ ಸರಳ: ‘ಸುಡೊ ಯೂಸರ್‌ಮಾಡ್ -ಎಸ್ /ಬಿನ್/ಬ್ಯಾಶ್’ ಎಂದು ಬರೆದು ಕೊನೆಗೆ ಬಳಕೆದಾರರ ಹೆಸರು ಕೊಡಬೇಕು (ಸುಡೊ ಎಂದರೆ ನಿರ್ವಾಹಕರ ಅಧಿಕಾರದಿಂದ ಓಡಿಸು ಎಂದು). ಸ್ಕ್ರಿಪ್ಟಿನಲ್ಲೂ ಯೂಸರ್‌ಆ್ಯಡ್ ಜೊತೆಗೆ ಅದೇ ‘-ಎಸ್’ ಆಯ್ಕೆಯನ್ನು ಸೇರಿಸಿಬಿಟ್ಟರೆ ಮುಂದಿನ ವರ್ಷ ಈ ದೂರು ಬರುವುದಿಲ್ಲ.

ಪಾಸ್‌ವರ್ಡ್ ಸರಿ, ಪ್ರವೇಶ ಇಲ್ಲ

ದಾಖಲೆಯಲ್ಲಿರುವ ಶೆಲ್ ಆ ದಾರಿಯಲ್ಲಿ ಇಲ್ಲವಾದಾಗ ಹೀಗಾಗುತ್ತದೆ. ಎಸ್‌ಎಸ್‌ಎಚ್ ಮೂಲಕ (ಬೇರೆ ಯಂತ್ರದಿಂದ ನೆಟ್‌ವರ್ಕಿನಲ್ಲಿ) ಬರುವವರಿಗೆ ಯಂತ್ರವು ‘ಪರ್ಮಿಷನ್ ಡಿನೈಡ್’ ಎಂದಷ್ಟೇ ಹೇಳಿ ಮತ್ತೆ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ವಿದ್ಯಾರ್ಥಿ ತನ್ನ ಪಾಸ್‌ವರ್ಡೇ ತಪ್ಪೆಂದು ನಂಬುತ್ತಾನೆ, ಲ್ಯಾಬಿನವರು ಪಾಸ್‌ವರ್ಡ್ ಬದಲಿಸಿಕೊಡುತ್ತಾರೆ, ತೊಂದರೆ ಹಾಗೆಯೇ ಉಳಿಯುತ್ತದೆ. ನಿಜವಾದ ಕಾರಣ ಸರ್ವರಿನ /ವಾರ್/ಲಾಗ್/ಆಥ್.ಲಾಗ್ ಫೈಲಿನಲ್ಲಿ ಸ್ಪಷ್ಟವಾಗಿರುತ್ತದೆ: ಇಂಥ ಶೆಲ್ ಅಸ್ತಿತ್ವದಲ್ಲಿಲ್ಲದ ಕಾರಣ ಈ ಬಳಕೆದಾರರಿಗೆ ಅನುಮತಿಯಿಲ್ಲ ಎಂದು ಎಸ್‌ಎಸ್‌ಎಚ್ ಸರ್ವರ್ ದಾರಿಯ ಸಮೇತ ಬರೆದಿರುತ್ತದೆ. ಪಾಸ್‌ವರ್ಡ್ ಮುಟ್ಟುವ ಮುಂಚೆ ಈ ಲಾಗನ್ನು ಓದುವುದನ್ನು ನಮ್ಮಲ್ಲಿ ನಿಯಮವಾಗಿಯೇ ಮಾಡಿದ್ದೇವೆ.

ಶೆಲ್ ಇಲ್ಲವಾಗಲು ಕಾರಣಗಳು ಕೆಲವೇ. ದಾರಿಯಲ್ಲಿ ಅಕ್ಷರ ಹಿಂದುಮುಂದಾಗಿರಬಹುದು. ಝಡ್‌ಶೆಲ್ ಎಂಬ ಇನ್ನೊಂದು ಶೆಲ್ ಹಾಕಿಕೊಂಡವರು ಇರುವಾಗಲೇ ಯಾರೋ ಅದರ ಪ್ಯಾಕೇಜನ್ನು ತೆಗೆದಿರಬಹುದು. ವಿಂಡೋಸ್ ಎಡಿಟರಿನಲ್ಲಿ ಸಿದ್ಧಪಡಿಸಿದ ಪಟ್ಟಿಯಿಂದ ದಾರಿಯನ್ನು ಓದಿಕೊಂಡಿದ್ದರೆ ಸಾಲಿನ ಕೊನೆಯ ಕ್ಯಾರೇಜ್ ರಿಟರ್ನ್ ಅಕ್ಷರ ಅದಕ್ಕೆ ಅಂಟಿಕೊಂಡಿರಬಹುದು. ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ನಾಲ್ಕನೆಯ ಕಾರಣ. ಕನ್ನಡದಲ್ಲಿ ಸೂಚನೆ ಬರೆಯುವ ಪ್ರತಿಯೊಬ್ಬರಿಗೂ ಅದು ಎದುರಾಗಬಹುದಾದ್ದರಿಂದ ವಿವರವಾಗಿ ಹೇಳುತ್ತೇನೆ.

ವಿದ್ಯಾರ್ಥಿಗಳಿಗೆಂದು ನಾನು ಕನ್ನಡದಲ್ಲಿ ಒಂದು ಪುಟದ ಸೂಚನೆ ಬರೆದಿದ್ದೆ. ಅದರಲ್ಲಿ ಝಡ್‌ಶೆಲ್ಲಿನ ದಾರಿಯನ್ನು ರೋಮನ್ ಅಕ್ಷರದಲ್ಲಿ ಕೊಟ್ಟು, ಅದಕ್ಕೆ ತಾಗಿಕೊಂಡಂತೆ ಕನ್ನಡದ ವಿಭಕ್ತಿ ಪ್ರತ್ಯಯವನ್ನು ಸೇರಿಸಿದ್ದೆ. ‘ಪಾಸ್‌ವರ್ಡ್’ ಎಂದು ಬರೆಯುವಾಗ ಸಕಾರಕ್ಕೆ ವಕಾರ ಒತ್ತಾಗಿ ಸೇರದಂತೆ ನಡುವೆ ಶೂನ್ಯ ಅಗಲದ ಒಂದು ಅಕ್ಷರವನ್ನು ಒತ್ತುತ್ತೇವಲ್ಲ, ಯೂನಿಕೋಡಿನ 200ಸಿ, ಬೆರಳಿನ ಅಭ್ಯಾಸದಿಂದ ಅದು ದಾರಿಯ ಕೊನೆಗೂ ಬಿದ್ದಿತ್ತು. ಕಣ್ಣಿಗೆ ಕಾಣದು, ಅಗಲವೂ ಇಲ್ಲ. ಆ ಪುಟ ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೆಯಾಯಿತು. ಅಲ್ಲಿಂದ ದಾರಿಯನ್ನು ನಕಲಿಸಿ ಯೂಸರ್‌ಮಾಡ್ ಕಮಾಂಡಿಗೆ ಕೊಟ್ಟಾಗ ಅದು ಒಪ್ಪಿಕೊಂಡಿತು, ಏಕೆಂದರೆ ಯೂಸರ್‌ಮಾಡ್ ನಿರಾಕರಿಸುವುದು ಕೋಲನ್ ಚಿಹ್ನೆ ಅಥವಾ ಹೊಸ ಸಾಲಿನ ಅಕ್ಷರ ಇದ್ದರೆ, ಇಲ್ಲವೇ ದಾರಿ ಓರೆಗೆರೆಯಿಂದ ಆರಂಭವಾಗದಿದ್ದರೆ. ದಾಖಲೆ ತೆರೆದರೆ ದಾರಿ ಸರಿಯಾಗಿಯೇ ಕಾಣುತ್ತಿತ್ತು, ಆ ದಾರಿಯಲ್ಲಿ ಶೆಲ್ಲೂ ಇತ್ತು, ಆದರೂ ಲಾಗ್ ಫೈಲಿನಲ್ಲಿ ಶೆಲ್ ಇಲ್ಲವೆಂಬ ದೂರು. ಎರಡು ದಿನ ಅನುಮತಿಗಳನ್ನೂ ಪ್ಯಾಕೇಜನ್ನೂ ಪರೀಕ್ಷಿಸಿದೆ.

ಹಿಡಿದುಕೊಟ್ಟದ್ದು ‘ಕ್ಯಾಟ್’ ಕಮಾಂಡಿನ ದೊಡ್ಡ ‘-ಎ’ ಆಯ್ಕೆ. ಗೆಟ್‌ಎಂಟ್ ಕೊಟ್ಟ ಸಾಲನ್ನು ಪೈಪ್ ಮೂಲಕ ಅದಕ್ಕೆ ಕಳಿಸಿದರೆ ಕಾಣದ ಅಕ್ಷರಗಳೆಲ್ಲ ಕಾಣುತ್ತವೆ: ಸಾಲಿನ ಕೊನೆ ಡಾಲರ್ ಚಿಹ್ನೆಯಾಗಿ ಬರುತ್ತದೆ, ಕ್ಯಾರೇಜ್ ರಿಟರ್ನ್ ಇದ್ದರೆ ಅದರ ಮುಂಚೆ ‘^ಎಂ’ ಎಂದು, ಖಾಲಿ ಜಾಗವಿದ್ದರೆ ಡಾಲರಿಗೂ ದಾರಿಗೂ ನಡುವೆ ತೆರವಾಗಿ, ಶೂನ್ಯ ಅಗಲದ ಅಕ್ಷರವಿದ್ದರೆ ‘ಎಂ-’ ಎಂದು ಆರಂಭವಾಗುವ ಮೂರು ಗುರುತುಗಳಾಗಿ. ದಾರಿಯ ಕೊನೆಯ ಅಕ್ಷರಕ್ಕೆ ಡಾಲರ್ ಚಿಹ್ನೆ ನೇರವಾಗಿ ತಾಗಿದ್ದರೆ ಮಾತ್ರ ದಾಖಲೆ ಶುದ್ಧವಾಗಿದೆ ಎಂದರ್ಥ. ಅಂದಿನಿಂದ ಸೂಚನೆಗಳಲ್ಲಿ ದಾರಿಯನ್ನು ಪ್ರತ್ಯಯ ಸೇರಿಸದೆ ಬೇರೆ ಸಾಲಿನಲ್ಲಿ ಬರೆಯುತ್ತೇನೆ, ಮತ್ತು ದಾರಿಯನ್ನು ನಕಲಿಸದೆ ಕೈಯಿಂದಲೇ ಬೆರಳಚ್ಚಿಸಬೇಕೆಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಒಂದೊಂದೇ ಖಾತೆ ನೋಡುತ್ತ ಕೂರಬೇಕಾಗಿಲ್ಲ. ‘ಸುಡೊ ಪಿಡಬ್ಲ್ಯೂಸಿಕೆ -ಆರ್’ ಎಂಬ ಕಮಾಂಡ್ ಇಡೀ ದಾಖಲೆಯನ್ನು ಓದಿ, ಏನನ್ನೂ ತಿದ್ದದೆ, ಯಾವ ಖಾತೆಯ ಶೆಲ್ ಇಲ್ಲವೆಂದು ಒಂದೇ ಸಲಕ್ಕೆ ಪಟ್ಟಿ ಕೊಡುತ್ತದೆ. ಹೋಮ್ ಫೋಲ್ಡರ್ ಇಲ್ಲದ ಖಾತೆಗಳನ್ನೂ ಅದು ಹೇಳುವುದರಿಂದ ಪಟ್ಟಿ ಉದ್ದವಿದ್ದರೆ ಗಾಬರಿಯಾಗಬಾರದು. /ಯುಎಸ್‌ಆರ್/ಎಸ್‌ಬಿನ್ ಫೋಲ್ಡರಿನ ‘ನೊಲಾಗಿನ್’ ಎಂಬ ಶೆಲ್ ಇರುವ ಸೇವಾ ಖಾತೆಗಳನ್ನು ಮುಟ್ಟಲೇಬಾರದು. ಯಾರೂ ಆ ಹೆಸರಿನಲ್ಲಿ ಒಳಬರಬಾರದೆಂದೇ ಹಾಗೆ ಇಟ್ಟಿರುತ್ತಾರೆ.

ಬೀಗ ಬಿದ್ದಿರುವುದು ನಿರ್ವಾಹಕರ ಖಾತೆಗೇ ಆದರೆ

ನಿರ್ವಾಹಕರ ಒಂದು ಟರ್ಮಿನಲ್ ಎಲ್ಲಾದರೂ ತೆರೆದಿದ್ದರೆ ಅದನ್ನು ಮುಚ್ಚದೆ, ಅಲ್ಲಿಂದಲೇ ಸುಡೊ ಬಳಸಿ ಯೂಸರ್‌ಮಾಡ್ ಮಾಡಿ. ಈಗಾಗಲೇ ಓಡುತ್ತಿರುವ ಶೆಲ್ಲಿಗೆ ದಾಖಲೆಯ ತಪ್ಪಿನಿಂದ ಯಾವ ತೊಂದರೆಯೂ ಇಲ್ಲ. ಎಸ್‌ಎಸ್‌ಎಚ್ ಕಮಾಂಡಿನ ಕೊನೆಗೆ /ಬಿನ್/ಬ್ಯಾಶ್ ಎಂದು ಬರೆದು ಒಳಹೋಗಲು ಯತ್ನಿಸುವುದು ವ್ಯರ್ಥ: ಆ ಕಮಾಂಡನ್ನೂ ಸರ್ವರ್ ಅದೇ ಮುರಿದ ಲಾಗಿನ್ ಶೆಲ್ಲಿನ ಮೂಲಕವೇ ಓಡಿಸಬೇಕಾಗುತ್ತದೆ.

ಯಾವ ಟರ್ಮಿನಲ್ಲೂ ಇಲ್ಲದಿದ್ದರೆ ಯಂತ್ರದ ಮುಂದೆಯೇ ಕುಳಿತುಕೊಳ್ಳಬೇಕು. ಯಂತ್ರ ಏಳುವಾಗ ಗ್ರಬ್ ಮೆನು, ಅಂದರೆ ವ್ಯವಸ್ಥೆ ತೆರೆಯುವ ಮುಂಚಿನ ಆಯ್ಕೆಪಟ್ಟಿ, ತರಿಸಿ (ಹಳೆಯ ಬಯಾಸ್ ಯಂತ್ರದಲ್ಲಿ ಶಿಫ್ಟ್, ಯುಇಎಫ್‌ಐ ಇರುವಲ್ಲಿ ಎಸ್ಕೇಪ್ ಕೀ), ಅಡ್ವಾನ್ಸ್ಡ್ ಆಯ್ಕೆಗಳೊಳಗಿನ ರಿಕವರಿ ಮೋಡ್ ಆರಿಸಿ, ಅಲ್ಲಿಂದ ರೂಟ್ ಪ್ರಾಂಪ್ಟಿಗೆ ಹೋಗಬೇಕು. ಡಿಸ್ಕ್ ಓದಲು ಮಾತ್ರ ಎಂಬ ಸ್ಥಿತಿಯಲ್ಲಿದ್ದರೆ ‘ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯೂ /’ ಎಂದು ಕೊಟ್ಟು, ನಂತರ ಯೂಸರ್‌ಮಾಡ್ ಕಮಾಂಡಿನಿಂದ /ಬಿನ್/ಬ್ಯಾಶ್ ಹಿಂದಿರುಗಿಸಬಹುದು. ರೂಟ್ ಖಾತೆಯ ಶೆಲ್ಲನ್ನು ಮಾತ್ರ ಎಂದಿಗೂ ಬದಲಿಸಬೇಡಿ ಎಂಬುದು ನನ್ನ ಖಂಡಿತ ಅಭಿಪ್ರಾಯ. ಕೊನೆಯ ಆಸರೆ ಅದೊಂದೇ.

ಬದಲಿಸುವ ಕಮಾಂಡೇ ನಿರಾಕರಿಸಿದಾಗ

ಬಳಕೆದಾರರು ತಮ್ಮ ಶೆಲ್ಲನ್ನು ತಾವೇ ಬದಲಿಸಿಕೊಳ್ಳಲು ‘ಸಿಎಚ್‌ಎಸ್‌ಎಚ್ -ಎಸ್’ ಕಮಾಂಡ್ ಇದೆ. ಅದು /ಇಟಿಸಿ/ಶೆಲ್ಸ್ ಎಂಬ ಪಟ್ಟಿಯನ್ನು ನೋಡುತ್ತದೆ. ಕೊಟ್ಟ ದಾರಿ ಆ ಪಟ್ಟಿಯಲ್ಲಿ ಅಕ್ಷರಶಃ ಇರಬೇಕು; ಎರಡು ದಾರಿಗಳೂ ಒಂದೇ ಶೆಲ್ಲಿಗೆ ಹೋಗುತ್ತವೆ ಎಂಬುದು ಸಾಲದು. ನೀವೇ ಕಟ್ಟಿಕೊಂಡು /ಯುಎಸ್‌ಆರ್/ಲೋಕಲ್/ಬಿನ್ ಫೋಲ್ಡರಿನಲ್ಲಿ ಇಟ್ಟ ಶೆಲ್ ತಾನಾಗಿ ಪಟ್ಟಿಗೆ ಸೇರುವುದಿಲ್ಲ, ನಿರ್ವಾಹಕರು ಸೇರಿಸಬೇಕು.

ಪಟ್ಟಿಯಲ್ಲಿ ಹೊಸ ಶೆಲ್ ಇದ್ದೂ, ಪಾಸ್‌ವರ್ಡ್ ಸರಿಯಿದ್ದೂ, ‘ಪ್ಯಾಮ್: ಆಥೆಂಟಿಕೇಶನ್ ಫೇಲ್ಯೂರ್’ ಎಂದು ಬಂದರೆ ಹೊಸ ಶೆಲ್ಲನ್ನು ಬಿಟ್ಟು ಹಳೆಯದನ್ನು ನೋಡಿ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಬಳಕೆದಾರರ ಈಗಿನ ಶೆಲ್ /ಇಟಿಸಿ/ಶೆಲ್ಸ್ ಪಟ್ಟಿಯಲ್ಲಿ ಇಲ್ಲದಿದ್ದರೆ ಸಿಎಚ್‌ಎಸ್‌ಎಚ್ ಅವರನ್ನು ತಡೆಯುತ್ತದೆ. ನಿರ್ಬಂಧಿತ ಶೆಲ್ ಕೊಟ್ಟ ಖಾತೆಗಳು ತಾವಾಗಿ ಅದರಿಂದ ತಪ್ಪಿಸಿಕೊಳ್ಳಬಾರದು ಎಂಬುದು ಇದರ ಉದ್ದೇಶ, ಅದು ಸರಿಯಾದದ್ದೇ. ಆದರೆ ತಪ್ಪು ದಾರಿ ಬಿದ್ದ ಸಾಮಾನ್ಯ ಖಾತೆಯೂ ಅದೇ ಬಲೆಯಲ್ಲಿ ಸಿಕ್ಕಿಬೀಳುತ್ತದೆ: ತಪ್ಪನ್ನು ತಿದ್ದಲು ಹೋದರೆ ಆ ತಪ್ಪೇ ತಡೆಯುತ್ತದೆ. ನಿರ್ವಾಹಕರ ಯೂಸರ್‌ಮಾಡ್ ಒಂದೇ ದಾರಿ. ವಿಎಸ್‌ಎಫ್‌ಟಿಪಿಡಿ ಎಂಬ ಎಫ್‌ಟಿಪಿ ಸರ್ವರ್ ಕೂಡ ಇದೇ ಪಟ್ಟಿಯನ್ನು ನೋಡುವುದರಿಂದ, ಅಸೈನ್‌ಮೆಂಟ್ ಕಳಿಸಲು ಆಗುತ್ತಿಲ್ಲ ಎಂಬ ದೂರಿಗೂ ಇದು ಕಾರಣವಾಗಬಹುದು.

ಯೂಸರ್‌ಮಾಡ್ ಕೂಡ ದಾಖಲೆಗೆ ಬೀಗ ಹಾಕಲಾಗುತ್ತಿಲ್ಲ, ಆಮೇಲೆ ಯತ್ನಿಸಿ ಎಂದರೆ, ಹಿಂದಿನ ಸಲ ಕರೆಂಟು ಹೋದದ್ದು ಯಾವಾಗ ಎಂದು ನೆನಪಿಸಿಕೊಳ್ಳಿ. ನಮ್ಮಲ್ಲಿ ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ಯುಪಿಎಸ್ ಬ್ಯಾಟರಿಗಳು ಬಳಲಿರುತ್ತವೆ; ಖಾತೆ ತಿದ್ದುವ ನಡುವೆಯೇ ಯಂತ್ರ ಆರಿಹೋದರೆ /ಇಟಿಸಿ/ಪಾಸ್‌ಡಬ್ಲ್ಯೂಡಿ.ಲಾಕ್ ಎಂಬ ಫೈಲ್ ಹಾಗೆಯೇ ಉಳಿಯುತ್ತದೆ. ಬೀಗ ಹಾಕಿದ ಪ್ರಕ್ರಿಯೆಯ ಸಂಖ್ಯೆ ಅದರಲ್ಲಿರುತ್ತದೆ, ಆ ಪ್ರಕ್ರಿಯೆ ಬದುಕಿಲ್ಲವಾದರೆ ಮುಂದಿನ ಕಮಾಂಡ್ ತಾನೇ ಬೀಗ ತೆಗೆಯುತ್ತದೆ. ಆದರೆ ಕರೆಂಟು ಹೋದ ಗಳಿಗೆಯಲ್ಲಿ ಫೈಲ್ ಖಾಲಿಯಾಗಿ ಉಳಿದಿದ್ದರೆ, ಅಥವಾ ಯಂತ್ರ ಮತ್ತೆ ಎದ್ದ ಮೇಲೆ ಅದೇ ಸಂಖ್ಯೆ ಬೇರೆ ಪ್ರಕ್ರಿಯೆಗೆ ಹೋಗಿದ್ದರೆ, ಬೀಗ ಬಿಡುವುದಿಲ್ಲ. ಖಾತೆ ತಿದ್ದುವ ಕಮಾಂಡ್ ಯಾವುದೂ ಓಡುತ್ತಿಲ್ಲವೆಂದು ಪಿಎಸ್ ಮೂಲಕ ಖಚಿತಪಡಿಸಿಕೊಂಡು ಆ ಲಾಕ್ ಫೈಲನ್ನು ಅಳಿಸಬಹುದು. ಪಕ್ಕದಲ್ಲಿ ಚುಕ್ಕಿಯಿಂದ ಆರಂಭವಾಗುವ ‘.ಪಿಡಬ್ಲ್ಯೂಡಿ.ಲಾಕ್’ ಎಂಬ ಇನ್ನೊಂದು ಫೈಲಿದೆ. ಅದು ಯಾವಾಗಲೂ ಇರುವಂಥದು, ಅದನ್ನು ಬಿಟ್ಟುಬಿಡಿ.

ಬದಲಾಗಿದೆ, ಆದರೂ ಹಳೆಯ ಶೆಲ್ಲೇ ಬರುತ್ತಿದೆ

ದಾಖಲೆ ಸರಿಯಿದ್ದರೆ ಟರ್ಮಿನಲ್ ಕಿಟಕಿಯನ್ನು ಮುಚ್ಚಿ ತೆರೆಯುವುದು ಸಾಲದು; ಡೆಸ್ಕ್‌ಟಾಪಿನಿಂದಲೇ ಲಾಗೌಟ್ ಆಗಿ ಮತ್ತೆ ಬರಬೇಕು. ಟಿಮಕ್ಸ್ (ಒಂದೇ ಕಿಟಕಿಯಲ್ಲಿ ಹಲವು ಟರ್ಮಿನಲ್ ಕೊಡುವ ಪ್ರೋಗ್ರಾಂ) ಬಳಸುವವರಲ್ಲಿ ಅದರ ಸರ್ವರ್ ಲಾಗೌಟ್ ಆದ ಮೇಲೂ ಹಿನ್ನೆಲೆಯಲ್ಲಿ ಉಳಿದು, ತಾನು ಆರಂಭವಾದಾಗಿನ ಶೆಲ್ಲನ್ನೇ ಕೊಡುತ್ತಿರುತ್ತದೆ. ಅದನ್ನು ಬೇರೆಯಾಗಿ ನಿಲ್ಲಿಸಬೇಕು. ಟರ್ಮಿನಲ್ ಪ್ರೊಫೈಲಿನಲ್ಲಿ ಪ್ರತ್ಯೇಕ ಕಮಾಂಡ್ ಬರೆದಿದ್ದರೂ, ವಿಎಸ್ ಕೋಡ್ ಒಳಗಿನ ಟರ್ಮಿನಲ್ಲಿಗೆ ಬೇರೆ ಡಿಫಾಲ್ಟ್ ಪ್ರೊಫೈಲ್ ಆರಿಸಿದ್ದರೂ ಅವು ದಾಖಲೆಯನ್ನು ಕೇಳುವುದಿಲ್ಲ.

ಮ್ಯಾಕ್ ತಂದವರು ಕೇಳುವುದಿದೆ: ಆ್ಯಪಲ್ 2019ರ ಕ್ಯಾಟಲೀನಾ ಆವೃತ್ತಿಯಿಂದ ಹೊಸ ಖಾತೆಗಳಿಗೆ ಝಡ್‌ಶೆಲ್ ಕೊಡುತ್ತಿದೆ, ಹಳೆಯ ಖಾತೆಗಳ ಬ್ಯಾಶ್ ಹಾಗೆಯೇ ಉಳಿದು ಎಚ್ಚರಿಕೆಯ ಸಾಲೊಂದು ಬರುತ್ತದೆ. ಅದು ದೋಷವಲ್ಲ.

ಶೆಲ್ ಬಂತು, ಸಿದ್ಧತೆಗಳು ಹೋದವು

ಬ್ಯಾಶ್‌ನಿಂದ ಝಡ್‌ಶೆಲ್ಲಿಗೆ ಹೋದವರ ಅಡ್ಡಹೆಸರುಗಳೂ (ಉದ್ದ ಕಮಾಂಡಿಗೆ ಇಟ್ಟ ಚಿಕ್ಕ ಹೆಸರು) ಪಾತ್ ಸೇರ್ಪಡೆಗಳೂ (ಕಮಾಂಡು ಹುಡುಕುವ ಫೋಲ್ಡರುಗಳು) ಕಾಣೆಯಾಗುವುದು ಸಹಜ, ಏಕೆಂದರೆ ಎರಡೂ ಓದುವ ಫೈಲುಗಳು ಬೇರೆ. ಲಾಗಿನ್ ಬ್ಯಾಶ್ ಕ್ರಮವಾಗಿ .ಬ್ಯಾಶ್_ಪ್ರೊಫೈಲ್, .ಬ್ಯಾಶ್_ಲಾಗಿನ್, .ಪ್ರೊಫೈಲ್ ಹುಡುಕಿ ಮೊದಲು ಸಿಕ್ಕ ಒಂದನ್ನು ಮಾತ್ರ ಓದುತ್ತದೆ; ಝಡ್‌ಶೆಲ್ ಇವುಗಳಲ್ಲಿ ಒಂದನ್ನೂ ಓದದೆ ತನ್ನದೇ .ಝಡ್‌ಎಸ್‌ಎಚ್‌ಎನ್ವ್, .ಝಡ್‌ಪ್ರೊಫೈಲ್, .ಝಡ್‌ಎಸ್‌ಎಚ್‌ಆರ್‌ಸಿ ಫೈಲುಗಳನ್ನು ಓದುತ್ತದೆ.

ಇದರ ಒಂದು ಪರಿಣಾಮ ಕನ್ನಡದಲ್ಲಿ ಫೈಲುಗಳಿಗೆ ಹೆಸರಿಡುವವರನ್ನು ತಟ್ಟುತ್ತದೆ. ಭಾಷೆಯ ವೇರಿಯಬಲ್ಲನ್ನು ಯಾರಾದರೂ .ಪ್ರೊಫೈಲ್ ಅಥವಾ .ಬ್ಯಾಶ್‌ಆರ್‌ಸಿ ಒಳಗೆ ಮಾತ್ರ ಬರೆದಿದ್ದರೆ, ಶೆಲ್ ಬದಲಾದೊಡನೆ ಅದು ತಪ್ಪಿಹೋಗಿ ಯುಟಿಎಫ್-8 ಇಲ್ಲದ ಸ್ಥಿತಿ ಬರಬಹುದು. ಆಗ ‘ಎಲ್‌ಎಸ್’ ಕಮಾಂಡ್ ‘ಕ’ ಎಂಬ ಒಂದಕ್ಷರದ ಹೆಸರನ್ನು 340, 262, 225 ಎಂಬ ಮೂರು ಬೈಟುಗಳ ಅಷ್ಟಮಾನ ಸಂಖ್ಯೆಗಳಾಗಿ ತೋರಿಸುತ್ತದೆ. ಫೈಲ್ ಹಾಳಾಗಿದೆಯೆಂದು ಯಾರೂ ಅಳಿಸಬಾರದು. ಹೆಸರು ಡಿಸ್ಕಿನಲ್ಲಿ ಸರಿಯಾಗಿಯೇ ಇದೆ. ‘ಲೊಕೇಲ್’ ಕಮಾಂಡ್ ಕೊಟ್ಟು ನೋಡಿ, ಭಾಷೆಯನ್ನು /ಇಟಿಸಿ/ಡಿಫಾಲ್ಟ್/ಲೊಕೇಲ್ ಫೈಲಿನಲ್ಲಿ ಇಟ್ಟರೆ ಯಾವ ಶೆಲ್ಲಿಗೆ ಹೋದರೂ ಅದು ಜೊತೆಗೆ ಬರುತ್ತದೆ.

ಆರಂಭಿಕ ಫೈಲುಗಳ ಮೇಲೆಯೇ ಅನುಮಾನವಿದ್ದರೆ ಬ್ಯಾಶನ್ನು ‘--ನೊಪ್ರೊಫೈಲ್ --ನೊಆರ್‌ಸಿ’ ಆಯ್ಕೆಗಳೊಂದಿಗೆ, ಝಡ್‌ಶೆಲ್ಲನ್ನು ‘-ಎಫ್’ ಆಯ್ಕೆಯೊಂದಿಗೆ ತೆರೆದು ಹೋಲಿಸಿ.

ಸ್ಕ್ರಿಪ್ಟ್ ಮಾತ್ರ ಓಡದಿದ್ದರೆ

ಟರ್ಮಿನಲ್ಲಿನಲ್ಲಿ ಒಂದೊಂದೇ ಸಾಲು ಬರೆದರೆ ಸರಿಹೋಗುವ ಕಮಾಂಡುಗಳು ಸ್ಕ್ರಿಪ್ಟಿನಲ್ಲಿ ತಪ್ಪೆನಿಸಿಕೊಂಡರೆ, ವಿಶೇಷವಾಗಿ ಜೋಡಿ ಚೌಕ ಆವರಣದ ಅಥವಾ ಅರೇ ಇರುವ ಸಾಲಿನಲ್ಲಿ ದೂರು ಬಂದರೆ, ಲಾಗಿನ್ ಶೆಲ್ ಬದಲಿಸಿ ಪ್ರಯೋಜನವಿಲ್ಲ. ಸ್ಕ್ರಿಪ್ಟನ್ನು ಓಡಿಸುವುದು ಅದರ ಮೊದಲ ಸಾಲಿನಲ್ಲಿ ಹೇಳಿದ ಶೆಲ್. ಅಲ್ಲಿ /ಬಿನ್/ಎಸ್‌ಎಚ್ ಎಂದಿದ್ದರೆ ಅದು ಡ್ಯಾಶ್‌ಗೆ ಹೋಗುತ್ತದೆ, ಡ್ಯಾಶ್‌ಗೆ ಆ ರಚನೆಗಳು ತಿಳಿಯವು. ಆ ಸಾಲನ್ನು /ಬಿನ್/ಬ್ಯಾಶ್ ಎಂದು ತಿದ್ದಿ. ಕೆಲವರು ಇದರ ಬದಲು /ಬಿನ್/ಎಸ್‌ಎಚ್ ಕೊಂಡಿಯನ್ನೇ ಬೇರೆ ಶೆಲ್ಲಿಗೆ ತಿರುಗಿಸುತ್ತಾರೆ. ಪ್ಯಾಕೇಜುಗಳ ಅಸಂಖ್ಯ ಸ್ಕ್ರಿಪ್ಟುಗಳು ಆ ಕೊಂಡಿಯನ್ನೇ ನೆಚ್ಚಿಕೊಂಡಿರುವುದರಿಂದ ಅದಕ್ಕೆ ಕೈ ಹಚ್ಚಬೇಡಿ.